ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಮ್ಮನ ಹೊಣೆ ಯಾರದು?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಹಳ್ಳಿ. ಅಮ್ಮನಿಗೆ 76 ವರ್ಷ, ಬಿಪಿ, ಶುಗರ್ ಎರಡೂ ಇವೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿಯಿತು. ತುಮಕೂರಿನಲ್ಲಿ ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದ್ದಾರೆ. ಇನ್ನು ಮೂರು ದಿನಕ್ಕೆ ಡಿಸ್ಚಾರ್ಜ್. ಅಪ್ಪನಿಗೆ 82, ಇತ್ತೀಚೆಗೆ ಮರೆವು ಹೆಚ್ಚಾಗಿದೆ. ಊರಲ್ಲಿ ತಮ್ಮ ಮತ್ತು ಅವನ ಹೆಂಡತಿ ಇದ್ದಾರೆ. ನಾನು, ತಂಗಿ ಬೆಂಗಳೂರಿನಲ್ಲಿದ್ದೇವೆ. ಆಸ್ಪತ್ರೆಯವರು ಮುಂದಿನದನ್ನು ಮನೆಯವರೇ ನೋಡಿಕೊಳ್ಳಬೇಕು ಅನ್ನುತ್ತಾರೆ. ಪಿಂಚಣಿಗೆ ಒಂದು ಕಚೇರಿ, ವಾಕರ್‌ಗೆ ಇನ್ನೊಂದು, ಮಾತ್ರೆಗೆ ಮತ್ತೊಂದು. ಚಿಕಿತ್ಸೆಯೂ ಮನೆಯ ಆರೈಕೆಯೂ ಒಟ್ಟಿಗೆ ಸಿಗುವಂಥ ವ್ಯವಸ್ಥೆ ಇದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಎಲ್ಲವೂ ಒಂದೇ ಕಡೆ ಸಿಗುವ ಕಚೇರಿ ನಮ್ಮ ರಾಜ್ಯದಲ್ಲಿ ಇಲ್ಲ. ಆದರೆ ಬೇಕಾದ ಸೇವೆಗಳಲ್ಲಿ ಬಹುಪಾಲು ನಿಮ್ಮ ತಾಲ್ಲೂಕಿನೊಳಗೇ ಇವೆ. ಕೊರತೆ ಇರುವುದು ಅವನ್ನು ಒಂದಕ್ಕೊಂದು ಜೋಡಿಸುವವರದು. ಹಿರಿಯರ ಆರೋಗ್ಯ ಕಾರ್ಯಕ್ರಮ ಆರೋಗ್ಯ ಇಲಾಖೆಯ ಕೈಯಲ್ಲಿದೆ, ವೃದ್ಧಾಪ್ಯ ವೇತನ ಕಂದಾಯ ಇಲಾಖೆಯದು, ಸಹಾಯವಾಣಿ ಮತ್ತು ಹಿರಿಯರ ಕಲ್ಯಾಣ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣುವುದಿಲ್ಲ. ಜಪಾನಿನಲ್ಲಿ 2000ದಲ್ಲಿ ದೀರ್ಘಾವಧಿ ಆರೈಕೆ ವಿಮೆ ತಂದಾಗ ಆರೈಕೆ ಬೇಕಾದ ಪ್ರತಿ ವೃದ್ಧರಿಗೂ ಯೋಜನೆ ಬರೆದುಕೊಡುವ 'ಕೇರ್ ಮ್ಯಾನೇಜರ್' ಎಂಬ ಹುದ್ದೆಯನ್ನೇ ಸೃಷ್ಟಿಸಿದರು. ಕೇರಳ 2008ರಲ್ಲಿ ಉಪಶಾಮಕ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ಇಳಿಸುವ ಆರೈಕೆಗೆ ನೀತಿ ರೂಪಿಸಿ, ಪಂಚಾಯಿತಿಯ ಮೂಲಕ ನರ್ಸ್ ಮನೆಗೇ ಹೋಗುವಂತೆ ಮಾಡಿತು. ನಮ್ಮಲ್ಲಿ ಅಂಥ ಹುದ್ದೆ ಬರುವವರೆಗೆ ಆ ಕೆಲಸವನ್ನು ಮನೆಯೊಳಗಿನ ಒಬ್ಬರು ಮಾಡಬೇಕು. ಎಲ್ಲರೂ ಸ್ವಲ್ಪ ಸ್ವಲ್ಪ ನೋಡಿಕೊಳ್ಳೋಣ ಎಂದರೆ ಆಗದು. ಹೆಸರು ಹೇಳಿ ಒಬ್ಬರನ್ನು ನೇಮಿಸಿ.

ಆ ಒಬ್ಬರು ಊರಲ್ಲೇ ಇರಬೇಕಾಗಿಲ್ಲ. ಮೈ ತೊಳೆಸುವುದು, ಊಟ ಕೊಡುವುದು, ಎಬ್ಬಿಸಿ ನಡೆಸುವುದು ಊರಲ್ಲಿರುವವರ ಪಾಲು. ಫೋನು, ಕಾಗದಪತ್ರ, ಡಾಕ್ಟರ ದಿನಾಂಕ, ಹಣದ ಲೆಕ್ಕ ಬೆಂಗಳೂರಿನಿಂದಲೂ ಆಗುತ್ತದೆ. ಇವೆರಡನ್ನೂ ತಮ್ಮನ ಹೆಂಡತಿಯ ಮೇಲೆ ಹೇರಿದ ಮನೆಗಳಲ್ಲಿ ಆಕೆ ಎರಡನೇ ತಿಂಗಳಿಗೆ ಸೊರಗಿಹೋಗುತ್ತಾಳೆ. ಆಮೇಲೆ ತಪ್ಪು ಯಾರದು ಎಂಬ ಜಗಳ ಶುರುವಾಗುತ್ತದೆ. ಆದ್ದರಿಂದ ಜೋಡಿಸುವ ಕೆಲಸ ನಿಮ್ಮದೋ ತಂಗಿಯದೋ ಎಂದು ಈಗಲೇ ತೀರ್ಮಾನಿಸಿ.

ಡಿಸ್ಚಾರ್ಜ್‌ಗೆ ಮುಂಚಿನ ಮೂರು ದಿನ

ಚಿಕಿತ್ಸೆಯೂ ಆರೈಕೆಯೂ ಬೇರೆಯಾಗಿ ಹರಿದುಹೋಗುವುದು ಡಿಸ್ಚಾರ್ಜ್ ದಿನವೇ. ಬೆಳಿಗ್ಗೆ ಬಿಲ್ಲು, ಮಧ್ಯಾಹ್ನ ಗಾಡಿ, ಕೈಗೆ ಒಂದು ಚೀಟಿ. ಆ ಗಡಿಬಿಡಿಯಲ್ಲಿ ಕೇಳಿದ್ದು ನೆನಪಿರುವುದಿಲ್ಲ. ಹಿಂದಿನ ದಿನವೇ ಡಾಕ್ಟರು ರೌಂಡ್ಸ್‌ಗೆ ಬಂದಾಗ ಕೇಳಿ, ಉತ್ತರವನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.

ಮೊದಲನೆಯದಾಗಿ, ಆಪರೇಷನ್ ಆದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂದು ಕೇಳಿ. ಪೂರ್ತಿಯೇ, ಅರ್ಧವೇ, ಬರೀ ಹೆಬ್ಬೆರಳು ತಾಗಿಸುವಷ್ಟೇ? ಇದನ್ನು ಬರೆಸದೇ ಬಂದರೆ ಮನೆಯವರು ಹೆದರಿ ಮಲಗಿಸಿಯೇ ಬಿಡುತ್ತಾರೆ. ಈ ವಯಸ್ಸಿನಲ್ಲಿ ಹದಿನೈದು ದಿನ ಮಲಗಿದರೆ ತೊಡೆಯ ಸ್ನಾಯು ಕರಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ. ರಾಡ್ ಗಟ್ಟಿಯಾಗಿ ಕೂತಿದ್ದರೆ ಸಾಮಾನ್ಯವಾಗಿ ಆಪರೇಷನ್ ಆದ ಮರುದಿನದಿಂದಲೇ ಎಬ್ಬಿಸಿ ನಿಲ್ಲಿಸುತ್ತಾರೆ. ನಿಮ್ಮ ತಾಯಿಯನ್ನು ಇನ್ನೂ ನಿಲ್ಲಿಸಿಲ್ಲವಾದರೆ ಕಾರಣ ಕೇಳಿ. ಫಿಸಿಯೋಥೆರಪಿಸ್ಟ್ ಹೇಳಿಕೊಡುವಾಗ ತಮ್ಮನ ಹೆಂಡತಿಯೋ ತಮ್ಮನೋ ಎದುರಿಗೇ ಇರಬೇಕು. ಹಾಸಿಗೆಯಿಂದ ಎಬ್ಬಿಸುವುದು, ಕುರ್ಚಿಗೆ ಕೂರಿಸುವುದು, ವಾಕರ್ ಹಿಡಿಸಿ ಹತ್ತು ಹೆಜ್ಜೆ ಹಾಕಿಸುವುದು, ಈ ಮೂರನ್ನೂ ಅವರ ಕೈಯಲ್ಲೇ ಮಾಡಿಸಿ, ಫೋನಿನಲ್ಲಿ ವಿಡಿಯೋ ತೆಗೆದಿಟ್ಟುಕೊಳ್ಳಿ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಅಥವಾ ಮಾತ್ರೆ ಯಾವ ತಾರೀಖಿನವರೆಗೆ ಎಂದು ಬರೆಸಿ. ಸೊಂಟದ ಮೂಳೆಯ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಕೊಡುತ್ತಾರೆ. ತಾರೀಖು ಇಲ್ಲದಿದ್ದರೆ ಕೆಲವರು ಒಂದು ವಾರಕ್ಕೇ ನಿಲ್ಲಿಸುತ್ತಾರೆ, ಕೆಲವರು ಮೂರು ತಿಂಗಳು ನುಂಗುತ್ತಲೇ ಇರುತ್ತಾರೆ. ಹೊಲಿಗೆ ಬಿಚ್ಚುವ ದಿನ, ಮುಂದಿನ ಎಕ್ಸ್-ರೇ ದಿನ ಕೇಳಿ. ಹೊಲಿಗೆ ಬಿಚ್ಚುವುದಕ್ಕೆ ತುಮಕೂರಿಗೇ ಬರಬೇಕೇ, ಅಥವಾ ತಿಪಟೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಿಚ್ಚಿಸಬಹುದೇ ಎಂದೂ ಕೇಳಿ. ತಿಪಟೂರಿನಲ್ಲೇ ಆದರೆ ಅಷ್ಟು ದೂರ ಕಾರಿನಲ್ಲಿ ಕೂತು ಬರುವ ನೋವು ತಪ್ಪುತ್ತದೆ. ಮೂತ್ರದ ಟ್ಯೂಬ್ ಇದ್ದರೆ ಅದನ್ನು ತೆಗೆದೇ ಕಳಿಸಿ ಎಂದು ಕೇಳಿಕೊಳ್ಳಿ. ಇಟ್ಟೇ ಕಳಿಸಬೇಕಾದರೆ ಯಾಕೆ, ಎಂದು ತೆಗೆಯಬೇಕು, ಯಾರು ತೆಗೆಯುತ್ತಾರೆ ಎಂಬುದು ಚೀಟಿಯಲ್ಲಿರಬೇಕು.

ಇನ್ನೊಂದು ವಿಷಯವನ್ನು ಬಹಳ ಆಸ್ಪತ್ರೆಗಳಲ್ಲಿ ಯಾರೂ ಎತ್ತುವುದಿಲ್ಲ. ನಿಂತ ಎತ್ತರದಿಂದ ಬಿದ್ದು ಸೊಂಟದ ಮೂಳೆ ಮುರಿಯಿತು ಎಂದರೆ ಮೂಳೆ ಸವೆದಿದೆ ಎಂದೇ ಅರ್ಥ. ರಾಡ್ ಹಾಕಿದ್ದು ಮುರಿದ ಮೂಳೆಗೆ. ಸವೆತಕ್ಕೆ ಬೇರೆ ಚಿಕಿತ್ಸೆ ಬೇಕು, ಇಲ್ಲದಿದ್ದರೆ ಇನ್ನೊಂದು ಕಡೆ ಮುರಿಯುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗೆ ಮೂಳೆ ಗಟ್ಟಿಮಾಡುವ ಔಷಧ ಯಾವುದು, ಯಾವಾಗಿನಿಂದ ಎಂದು ನೇರವಾಗಿ ಕೇಳಿ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೋನಿಕ್ ಆಸಿಡ್ ಇದೆ, ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನೇಟ್ ಮಾತ್ರೆ ಇದೆ. ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು. ಮಲಗಿದರೆ ಅನ್ನನಾಳ ಸುಡುತ್ತದೆ. ಕೂರಲು ಆಗದವರಿಗೆ ಇದು ಬೇಡ. ಮೂತ್ರಪಿಂಡದ ಪರೀಕ್ಷೆ ನೋಡಿಯೇ ಇವನ್ನು ಕೊಡುತ್ತಾರೆ.

ಮಾತ್ರೆಗಳ ಚೀಲವನ್ನು ನೆಲದ ಮೇಲೆ ಸುರಿಯಿರಿ

ಮನೆಗೆ ಬಂದ ದಿನವೇ ಇದನ್ನು ಮಾಡಿ. ತಾಯಿಯ ಹಳೆಯ ಮಾತ್ರೆ, ಆಸ್ಪತ್ರೆಯ ಹೊಸ ಮಾತ್ರೆ, ತಂದೆಯ ಮಾತ್ರೆ, ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತಂದದ್ದು, ನಾಟಿ ಔಷಧದ ಪುಡಿ, ಎಲ್ಲವನ್ನೂ ಒಂದು ಚಾಪೆಯ ಮೇಲೆ ಸುರಿದು ವಿಂಗಡಿಸಿ. ಬ್ರ್ಯಾಂಡ್ ಹೆಸರನ್ನು ನೋಡಬೇಡಿ. ಪಟ್ಟಿಯ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ.

ಅಲ್ಲಿ ಸಿಗುವ ಮಾಮೂಲಿ ತಪ್ಪು ಹೀಗಿರುತ್ತದೆ: ಊರಿನ ಡಾಕ್ಟರು ಕೊಟ್ಟ ಅಮ್ಲೋಡಿಪಿನ್ 5 ಮಿ.ಗ್ರಾಂ. ಮಾತ್ರೆ ಒಂದು ಪಟ್ಟಿಯಲ್ಲಿ. ಆಸ್ಪತ್ರೆಯವರು ಬರೆದ ಟೆಲ್ಮಿಸಾರ್ಟನ್ ಮಾತ್ರೆಯೊಳಗೂ ಅದೇ ಅಮ್ಲೋಡಿಪಿನ್ ಸೇರಿರುವುದುಂಟು. ಎರಡೂ ಬಿಪಿ ಮಾತ್ರೆ ಎಂದು ಎರಡನ್ನೂ ಕೊಡುತ್ತಾರೆ. ಆಪರೇಷನ್‌ನಲ್ಲಿ ರಕ್ತ ಹೋಗಿದೆ, ಊಟ ಕಡಿಮೆಯಾಗಿದೆ, ಅದರ ಮೇಲೆ ಎರಡು ಪಾಲು ಔಷಧ. ಬೆಳಗಿನ ಜಾವ ಮೂತ್ರಕ್ಕೆಂದು ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ಮತ್ತೆ ಬೀಳುತ್ತಾರೆ. ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಎಬ್ಬಿಸಿ ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಆದರೆ ಮುಂದಿನ ಭೇಟಿಯವರೆಗೆ ಕಾಯಲೂ ಬೇಡಿ.

ಶುಗರಿನದೂ ಇದೇ ಕಥೆ. ಗ್ಲಿಮೆಪಿರೈಡ್ ಮಾತ್ರೆ ಊಟ ಮಾಡಿದರೂ ಮಾಡದಿದ್ದರೂ ಶುಗರನ್ನು ಇಳಿಸುತ್ತಲೇ ಇರುತ್ತದೆ. ಎರಡು ತುತ್ತು ತಿಂದು ಸಾಕೆಂದವರಿಗೆ ಮೊದಲಿನಷ್ಟೇ ಡೋಸ್ ಕೊಟ್ಟರೆ ರಾತ್ರಿ ಬೆವರು, ನಡುಕ, ಅಸಂಬದ್ಧ ಮಾತು ಶುರುವಾಗಬಹುದು. ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ, ಎಚ್ಚರವಾಗಿದ್ದು ನುಂಗಬಲ್ಲರಾದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆಗೆ ಮತ್ತೆ ನೋಡಿ, ಆಮೇಲೆ ಏನಾದರೂ ತಿನ್ನಿಸಿ. ವಿಟಮಿನ್ ಡಿ 60,000 ಯೂನಿಟ್ ಪೊಟ್ಟಣ ವಾರಕ್ಕೊಂದು. ದಿನಕ್ಕೊಂದರಂತೆ ಕುಡಿಸಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರುವವರಿದ್ದಾರೆ. ಪೊಟ್ಟಣದ ಮೇಲೆ 'ಭಾನುವಾರ' ಎಂದು ಪೆನ್ನಿನಲ್ಲಿ ಬರೆದುಬಿಡಿ. ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆ ಬಿಪಿ, ಶುಗರ್ ಇರುವ ಈ ವಯಸ್ಸಿನವರ ಮೂತ್ರಪಿಂಡಕ್ಕೆ ಹೊರೆ. ರಕ್ತ ತಿಳಿಯಾಗಿಸುವ ಔಷಧದ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವೂ ಆಗಬಹುದು. ನೋವಿಗೆ ಪ್ಯಾರಸಿಟಮಾಲ್ ಎಷ್ಟು ಕೊಡಬಹುದು ಎಂದು ಬರೆಸಿಕೊಂಡು ಅದಕ್ಕೇ ನಿಲ್ಲಿ.

ವಿಂಗಡಿಸಿದ ಮೇಲೆ ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ. ಔಷಧದ ಹೆಸರು, ಪ್ರಮಾಣ, ಹೊತ್ತು, ಯಾತಕ್ಕೆ, ಎಂದಿನವರೆಗೆ, ಬರೆದವರು ಯಾರು ಎಂಬುದು ಅದರಲ್ಲಿರಲಿ. ನಿಲ್ಲಿಸಿದ ಮಾತ್ರೆಗಳನ್ನು ಕೆಳಗೆ ಬೇರೆ ಬರೆದು 'ಬೇಡ' ಎಂದು ಗೀಟು ಹಾಕಿ, ಆ ಮಾತ್ರೆಗಳನ್ನು ಮನೆಯಿಂದಲೇ ತೆಗೆದುಬಿಡಿ. ಈ ಹಾಳೆಯ ಫೋಟೋ ಮೂವರು ಮಕ್ಕಳ ಫೋನಿನಲ್ಲೂ ಇರಲಿ. ಯಾವ ಡಾಕ್ಟರ ಬಳಿ ಹೋದರೂ ಮೊದಲು ಇದನ್ನೇ ತೋರಿಸಿ. ನಿಮ್ಮ ತಾಯಿಯನ್ನು ನೋಡುವ ಮೂಳೆ ಡಾಕ್ಟರು, ಶುಗರ್ ಡಾಕ್ಟರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಈ ಮೂವರ ನಡುವೆ ಮಾತುಕತೆ ನಡೆಯುವ ಒಂದೇ ಜಾಗ ಆ ಹಾಳೆ.

ತಂದೆಯವರನ್ನು ಮರೆಯಬೇಡಿ

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಅಪ್ಪನ ಬಗ್ಗೆ ಬರೆದ ಒಂದೇ ಸಾಲು. ಇಷ್ಟು ದಿನ ಅವರ ಮಾತ್ರೆ, ಊಟ, ಸ್ನಾನ, ಬಟ್ಟೆ, 'ಇವತ್ತು ಯಾವ ವಾರ' ಎಂಬುದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಬಹುಶಃ ನಿಮ್ಮ ತಾಯಿಯೇ. ಅದು ಆರೈಕೆ ಎಂದು ಯಾರಿಗೂ ಅನ್ನಿಸಿರುವುದಿಲ್ಲ. ಆಕೆ ಬಿದ್ದ ದಿನದಿಂದ ಅವರ ಆಸರೆಯೂ ನಿಂತಿದೆ. ಇಬ್ಬರನ್ನೂ ಒಟ್ಟಿಗೆ ನೋಡದ ಯಾವ ಯೋಜನೆಯೂ ನಿಮ್ಮ ಮನೆಯಲ್ಲಿ ನಡೆಯದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹಿರಿಯರ ಸಮಗ್ರ ಆರೈಕೆಗೆಂದು ಹೊರತಂದ ಕೈಪಿಡಿಯಲ್ಲಿ ಮನೆಯಲ್ಲೇ ನೋಡಬಹುದಾದ ಆರು ಸಂಗತಿಗಳಿವೆ: ನೆನಪು, ಓಡಾಟ, ಪೋಷಣೆ, ಕಣ್ಣು, ಕಿವಿ, ಮನಸ್ಸು. ತಂದೆಯವರಿಗೆ ಮೂರು ಸುಲಭದ ಪದ ಹೇಳಿ, ಉದಾಹರಣೆಗೆ ತೆಂಗು, ಕಿಟಕಿ, ಹಸು. ಬೇರೇನೋ ಮಾತಾಡಿ ಎರಡು ನಿಮಿಷ ಬಿಟ್ಟು ಕೇಳಿ. ಇವತ್ತಿನ ತಾರೀಖು, ಈಗ ಎಲ್ಲಿದ್ದೀರಿ ಎಂದೂ ಕೇಳಿ. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ. 14 ಸೆಕೆಂಡಿನೊಳಗೆ ಆಗದಿದ್ದರೆ ಕಾಲಿನ ಬಲ ಕಡಿಮೆಯಾಗಿದೆ. ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಮೂರು ತಿಂಗಳಲ್ಲಿ ಮೂರು ಕಿಲೋಗಿಂತ ಹೆಚ್ಚು ತೂಕ ಇಳಿದಿದೆಯೇ, ಹಸಿವು ಕಡಿಮೆಯೇ? ಒಂದು ಕೈ ದೂರದಲ್ಲಿ ಹಿಂದೆ ನಿಂತು ಪಿಸುಗುಟ್ಟಿದರೆ ಕೇಳುತ್ತದೆಯೇ? ಓದಲು, ದೂರದ್ದು ನೋಡಲು ತೊಂದರೆ ಇದೆಯೇ? ಎರಡು ವಾರದಿಂದ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಉಂಟೇ?

ಇದರಿಂದ ರೋಗ ಇಂಥದ್ದೇ ಎಂದು ಗೊತ್ತಾಗುವುದಿಲ್ಲ, ಎಲ್ಲಿ ತೋರಿಸಬೇಕು ಎಂಬುದು ಗೊತ್ತಾಗುತ್ತದೆ. ಮರೆವು ಎಂದು ಕಾಣುವುದರ ಹಿಂದೆ ಕಿವಿ ಕೇಳದಿರುವುದು, ಕಣ್ಣಿನ ಪೊರೆ, ಥೈರಾಯ್ಡ್, ಬಿ12 ಕೊರತೆ, ಖಿನ್ನತೆ ಇರಬಹುದು. ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕಡಿಮೆಯಾಗುವುದು ಅಪರೂಪವಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ 'ಮನೋಚೈತನ್ಯ' ಹೆಸರಿನ ಮಂಗಳವಾರದ ಕ್ಲಿನಿಕ್‌ಗೆ ಮಾನಸಿಕ ತಜ್ಞರು ಬರುತ್ತಾರೆ. ತಿಪಟೂರಿನಲ್ಲಿ ತಿಂಗಳಿನ ಯಾವ ಮಂಗಳವಾರ ಎಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ರಾತ್ರಿ ಹೊತ್ತು ಗಾಬರಿ, ಸಿಟ್ಟು ಹೆಚ್ಚಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ತಾಯಿಯ ವಿಚಾರದಲ್ಲಿ ಬೇರೆ ಎಚ್ಚರ ಬೇಕು. ಆಪರೇಷನ್ ಆದ ಮೊದಲ ವಾರಗಳಲ್ಲಿ ಅವರು ಇದ್ದಕ್ಕಿದ್ದಂತೆ ಗೊಂದಲಗೊಂಡರೆ, ತೀರಿಹೋದವರನ್ನು ಕರೆದರೆ, ಹಗಲೆಲ್ಲ ಮಂಕಾಗಿ ಮಲಗಿ ರಾತ್ರಿ ಎದ್ದು ಕೂತರೆ, ವಯಸ್ಸಾಯಿತು ಎಂದು ಬಿಡಬೇಡಿ. ಸೋಂಕು, ಮೂತ್ರ ಕಟ್ಟಿರುವುದು, ಮಲಬದ್ಧತೆ, ಸೋಡಿಯಂ ಇಳಿದಿರುವುದು, ಯಾವುದೋ ಮಾತ್ರೆ, ಹೀಗೆ ಸರಿಪಡಿಸಬಹುದಾದ ಕಾರಣವೇ ಹೆಚ್ಚಾಗಿ ಇರುತ್ತದೆ. ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಮನೆಯೊಳಗೆ

ಬಿದ್ದದ್ದು ಬಚ್ಚಲಲ್ಲಿ, ಆದ್ದರಿಂದ ಕೆಲಸ ಅಲ್ಲಿಂದಲೇ ಶುರುವಾಗಲಿ. ಅವರು ಮನೆಗೆ ಬರುವ ಮುಂಚೆ ಮೇಸ್ತ್ರಿಯನ್ನು ಕರೆಸಿ, ನೆಲದಿಂದ ಮೂರು ಅಡಿ ಆಸುಪಾಸಿನ ಎತ್ತರದಲ್ಲಿ ಸ್ಟೀಲ್ ಹಿಡಿಕೆ ಹಾಕಿಸಿ. ಒಂದು ಸ್ನಾನದ ಜಾಗದಲ್ಲಿ, ಇನ್ನೊಂದು ಕಕ್ಕಸಿನ ಬದಿಗೆ. ಗೋಡೆಗೆ ಡ್ರಿಲ್ ಹೊಡೆದು ಬೋಲ್ಟ್ ಕೂರಿಸಿದ್ದಾಗಿರಬೇಕು. ರಬ್ಬರ್ ಬಟ್ಟಲು ಒತ್ತಿ ಅಂಟಿಸುವಂಥದ್ದು ಭಾರ ಬಿದ್ದ ಕೂಡಲೇ ಕಿತ್ತುಬರುತ್ತದೆ. ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸು ಇದ್ದರೆ ಅದರ ಮೇಲೆ ಇಡುವ, ಮಧ್ಯೆ ತೂತಿರುವ ಕಮೋಡ್ ಕುರ್ಚಿ ತನ್ನಿ. ರಾತ್ರಿಗೆ ಅದನ್ನೇ ಹಾಸಿಗೆಯ ಪಕ್ಕ ಇಡಬಹುದು. ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ ಸಾಲದು, ಒದ್ದೆ ನೆಲದಲ್ಲಿ ಕಾಲು ಜಾರುತ್ತದೆ. ಕಾಲಿಗೆ ರಬ್ಬರ್ ಬುಶ್ ಇರುವ ಸ್ಟೂಲ್ ಬೇಕು.

ಮಂಚದ ಎತ್ತರ ಅವರ ಮೊಣಕಾಲಿನ ಮಟ್ಟಕ್ಕಿರಲಿ, ಹದಿನೆಂಟರಿಂದ ಇಪ್ಪತ್ತು ಅಂಗುಲ. ಚಾಪೆಯ ಮೇಲೆ ಮಲಗುವ ರೂಢಿಯಿದ್ದರೂ ಸದ್ಯಕ್ಕೆ ಬೇಡ. ವಾಕರ್ ಹಿಡಿಯ ಎತ್ತರ, ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಬರುವ ಮಟ್ಟಕ್ಕೆ ಸರಿಯಾಗಿರಬೇಕು. ನೆಂಟರ ಮನೆಯಿಂದ ತಂದ ವಾಕರ್ ಅನ್ನು ಹೊಂದಿಸದೇ ಕೊಡುತ್ತಾರೆ, ಮುಂದಕ್ಕೆ ಬಾಗಿ ನಡೆದು ಬೆನ್ನು ನೋವು ಬರುತ್ತದೆ. ಹಳೆಯ ಮನೆಗಳ ಎತ್ತರದ ಹೊಸ್ತಿಲು ವಾಕರ್‌ಗೆ ದೊಡ್ಡ ಅಡ್ಡಿ. ಹೊಸ್ತಿಲನ್ನು ಕೀಳಬೇಕಾಗಿಲ್ಲ, ಎರಡೂ ಬದಿಗೆ ಇಳಿಜಾರಾದ ಹಲಗೆ ಕೂರಿಸಿದರೆ ಸಾಕು.

ಹಾಸಿಗೆಯಲ್ಲಿರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ, ಹಿಮ್ಮಡಿ ಮತ್ತು ಬೆನ್ನಿನ ಕೆಳಭಾಗ ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಿ. ಕೆಂಪಾದ ಜಾಗ ಬೆರಳಿನಿಂದ ಒತ್ತಿದಾಗ ಬಿಳುಪಾಗದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಅಂಥ ಜಾಗವನ್ನು ಉಜ್ಜಬಾರದು, ಪೌಡರ್ ತುಂಬಬಾರದು. ಅದರ ಮೇಲೆ ಭಾರ ಬೀಳದಂತೆ ಮಲಗಿಸಿ ಆರೋಗ್ಯ ಕೇಂದ್ರದವರಿಗೆ ತೋರಿಸಿ.

ಊಟದ ವಿಚಾರದಲ್ಲಿ ಪಥ್ಯದ ಹೆಸರಿನಲ್ಲಿ ಗಂಜಿ, ತಿಳಿಸಾರು ಕೊಡುವುದು ಬೇಡ. ಮೂಳೆ ಕೂಡಲು, ಸ್ನಾಯು ಉಳಿಯಲು ಪ್ರೋಟೀನು ಬೇಕು: ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ. 50 ಕಿಲೋ ತೂಕದವರಿಗೆ 50ರಿಂದ 60 ಗ್ರಾಂ ಆಯಿತು. ಒಂದು ರಾಗಿಮುದ್ದೆಯಲ್ಲಿ 6 ಗ್ರಾಂ ಆಸುಪಾಸು, ಒಂದು ಬಟ್ಟಲು ಅನ್ನದಲ್ಲಿ 4. ಉಳಿದದ್ದು ಎಲ್ಲಿಂದ ಬರಬೇಕು? ಎರಡು ಮೊಟ್ಟೆ 12, ಎರಡು ಲೋಟ ಹಾಲು 12ರಿಂದ 13, 50 ಗ್ರಾಂ ಹೆಸರುಕಾಳಿನ ಉಸಲಿ ಅಥವಾ ಸಾರು 12, ಒಂದು ಬಟ್ಟಲು ಮೊಸರು 5. ಮೊಟ್ಟೆ ತಿನ್ನದ ಮನೆಯಾದರೆ ಕಾಳು, ಮೊಸರು, ಹುರಿಗಡಲೆ ಹೆಚ್ಚಿಸಬೇಕು. ಮೂರು ಹೊತ್ತಿಗೆ ಹಿಡಿಸುವುದಿಲ್ಲ, ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ.

ಯಾರನ್ನು ಏನು ಕೇಳಬೇಕು

ಊರಿಗೆ ಬಂದ ವಾರದೊಳಗೆ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆದು ಇಬ್ಬರ ಹೆಸರನ್ನೂ ಅವರ ಪಟ್ಟಿಗೆ ಸೇರಿಸಿ. ಆಕೆ ನರ್ಸ್ ಅಲ್ಲ, ಗಾಯಕ್ಕೆ ಡ್ರೆಸ್ಸಿಂಗ್ ಮಾಡಿ, ಇಂಜೆಕ್ಷನ್ ಕೊಡಿ ಎಂದು ಕೇಳುವುದು ನ್ಯಾಯವಲ್ಲ. ಆಕೆ ಮಾಡಬಲ್ಲದ್ದು ಸುದ್ದಿ ಮುಟ್ಟಿಸುವುದು. ಡ್ರೆಸ್ಸಿಂಗ್, ಬಿಪಿ, ಶುಗರ್ ನೋಡುವ ಕೆಲಸ ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಮತ್ತು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯದು. ಹಿರಿಯರ ಆರೈಕೆ, ಉಪಶಾಮಕ ಆರೈಕೆ ಎರಡೂ ಆ ಕೇಂದ್ರದ ಸೇವೆಗಳ ಪಟ್ಟಿಯಲ್ಲೇ ಇವೆ. 2010-11ರಲ್ಲಿ ಶುರುವಾದ ರಾಷ್ಟ್ರೀಯ ಹಿರಿಯರ ಆರೋಗ್ಯ ಕಾರ್ಯಕ್ರಮದ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ ನಡೆಯಬೇಕು, ಹಾಸಿಗೆ ಹಿಡಿದವರ ಮನೆಗೆ ಭೇಟಿ ಕೊಡಬೇಕು, ಜಿಲ್ಲಾಸ್ಪತ್ರೆಯಲ್ಲಿ ಹಿರಿಯರಿಗೆ 10 ಹಾಸಿಗೆಯ ವಾರ್ಡ್ ಇರಬೇಕು. ಎಲ್ಲ ಕಡೆ ಇದು ಬರೆದಂತೆ ನಡೆಯುತ್ತಿಲ್ಲ. ಬಾಯಿಮಾತಿನಲ್ಲಿ ಕೇಳಿದರೆ ಸಿಬ್ಬಂದಿ ಕೊರತೆಯ ಉತ್ತರ ಬರುತ್ತದೆ. ಆದ್ದರಿಂದ ವೈದ್ಯಾಧಿಕಾರಿಗೆ ಅರ್ಧ ಪುಟದ ಮನವಿ ಬರೆದು, ಡಿಸ್ಚಾರ್ಜ್ ಚೀಟಿಯ ನಕಲು ಲಗತ್ತಿಸಿ, ಯಾವ ಯಾವ ದಿನ ಏನು ಬೇಕು ಎಂದು ತಾರೀಖು ಸಮೇತ ಕೇಳಿ. ಇನ್ನೊಂದು ಪ್ರತಿಯನ್ನು ತಾಲ್ಲೂಕು ಆರೋಗ್ಯ ಅಧಿಕಾರಿಗೆ ಕೊಡಿ. '14ನೇ ದಿನ ಹೊಲಿಗೆ ಬಿಚ್ಚಬೇಕು' ಎಂಬಂಥ ನಿರ್ದಿಷ್ಟ ಬೇಡಿಕೆಗೆ ಉತ್ತರ ಸಿಗುವಷ್ಟು ಸುಲಭವಾಗಿ 'ನೋಡಿಕೊಳ್ಳಿ' ಎಂಬುದಕ್ಕೆ ಸಿಗುವುದಿಲ್ಲ. 2024ರಲ್ಲಿ ಕೋಲಾರದಿಂದ ಆರಂಭವಾದ 'ಗೃಹ ಆರೋಗ್ಯ' ಯೋಜನೆಯ ತಂಡ ನಿಮ್ಮೂರಿಗೆ ಬರುವ ದಿನವನ್ನೂ ಕೇಳಿ, ಬಿಪಿ, ಶುಗರ್ ತಪಾಸಣೆ ಮನೆ ಬಾಗಿಲಲ್ಲೇ ಆಗುತ್ತದೆ.

ವಾಕರ್, ಗಾಲಿಕುರ್ಚಿ, ಕಿವಿಯ ಯಂತ್ರಕ್ಕೆ ದಾರಿ ಬೇರೆ. ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ. ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ಎಂ.ಆರ್.ಡಬ್ಲ್ಯೂ. ಎಂದು ಕರೆಯುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಆರೋಗ್ಯ ಸಿಬ್ಬಂದಿಗೂ ಇವರಿಗೂ ಸಂಪರ್ಕ ಕಡಿಮೆ, ನೀವೇ ಮುಟ್ಟಿಸಬೇಕು. ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಿಪಿಎಲ್ ಕುಟುಂಬದವರಿಗೆ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ಈ ಸಲಕರಣೆಗಳು ಉಚಿತ. ಆದರೆ ಶಿಬಿರ ನಡೆದಾಗ ಅಳತೆ ತೆಗೆದು ಆಮೇಲೆ ಕೊಡುತ್ತಾರೆ. ನಿಮ್ಮ ತಾಯಿಗೆ ವಾಕರ್ ಬೇಕಿರುವುದು ನಾಳೆಗೆ. ಈಗ ಕೊಂಡುಬಿಡಿ, ಯೋಜನೆಯಿಂದ ತಂದೆಯ ಕಿವಿಯ ಯಂತ್ರ, ಕನ್ನಡಕ ಕೇಳಿ.

ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ. ಆದಾಯದ ಮಿತಿ ತೀರಾ ಕಡಿಮೆ ಇರುವುದರಿಂದ ತೋಟ, ಜಮೀನು ಇರುವ ಕುಟುಂಬಕ್ಕೆ ಸಿಗುವುದು ಕಷ್ಟ. ಅದಕ್ಕಾಗಿ ಈ ತಿಂಗಳು ಓಡಾಡಿ ಸಮಯ ಕಳೆಯಬೇಡಿ. ಆಪರೇಷನ್ ಆಯುಷ್ಮಾನ್ ಯೋಜನೆಯಡಿ ಆಗಿದ್ದರೆ ಡಿಸ್ಚಾರ್ಜ್ ನಂತರದ 15 ದಿನಗಳ ಔಷಧದ ಖರ್ಚು ಪ್ಯಾಕೇಜಿನಲ್ಲೇ ಸೇರಿದೆಯೇ ಎಂದು ಆಸ್ಪತ್ರೆಯಲ್ಲಿ ಆ ಯೋಜನೆಯ ಸಹಾಯಕರಾಗಿರುವ ಆರೋಗ್ಯ ಮಿತ್ರರನ್ನು ಕೇಳಿ. ಮನೆಯಲ್ಲಿ ನೋಡಿಕೊಳ್ಳುವವರ ಸಂಬಳ, ಕಮೋಡ್ ಕುರ್ಚಿ, ಡೈಪರ್ ಇವು ಆ ಯೋಜನೆಯೊಳಗೆ ಬರುವುದಿಲ್ಲ. ನಿಮ್ಮ ಖರ್ಚಿನ ದೊಡ್ಡ ಪಾಲು ಅದೇ ಆಗಲಿದೆ.

ಎಲ್ಲಿ ಕೇಳಬೇಕೆಂದೇ ತೋಚದಿದ್ದಾಗ ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಆರೋಗ್ಯದ ಸಲಹೆಗೆ 104.

ಮಕ್ಕಳ ನಡುವೆ

ಹಣ ಕಳಿಸುವವರು ಮತ್ತು ಮೈಮುರಿದು ಮಾಡುವವರ ನಡುವೆ ಅಸಮಾಧಾನ ಬರುವುದು ಬಹುತೇಕ ಖಚಿತ. ಅದನ್ನು ಮಾತಾಡದೇ ಬಿಡುವುದೇ ತಪ್ಪು. ಮೂವರೂ ಫೋನಿನಲ್ಲಿ ಸೇರಿ ಮೊದಲ ತಿಂಗಳು ವಾರಕ್ಕೊಮ್ಮೆ ಅರ್ಧ ಗಂಟೆ ಮಾತಾಡಿ, ತಮ್ಮನ ಹೆಂಡತಿ ಕಡ್ಡಾಯವಾಗಿ ಅದರಲ್ಲಿರಲಿ, ಮೊದಲ ಮಾತು ಆಕೆಯದಾಗಿರಲಿ. ತಿಂಗಳಲ್ಲಿ ನಾಲ್ಕು ದಿನ ಆಕೆಗೆ ಪೂರ್ತಿ ಬಿಡುವು ಸಿಗಬೇಕು. ಆ ದಿನಗಳಲ್ಲಿ ನೀವೋ ತಂಗಿಯೋ ಊರಿಗೆ ಬಂದು ರಾತ್ರಿಯೂ ಅಲ್ಲೇ ಇದ್ದು ನೋಡಿಕೊಳ್ಳಬೇಕು. ಹಣ್ಣು ತಂದು ಮಾತಾಡಿಸಿ ಸಂಜೆ ಬಸ್ಸಿಗೆ ಹೊರಡುವ ಭೇಟಿಯಿಂದ ಆಕೆಯ ಕೆಲಸ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಸಂಬಳಕ್ಕೆ ಒಬ್ಬರನ್ನು ಇಟ್ಟುಕೊಳ್ಳುವುದಾದರೆ ಊರಿನ ಹೆಂಗಸೊಬ್ಬರು ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು ಬಂದರೂ ದೊಡ್ಡ ನೆರವು. ಸ್ನಾನ, ನಡಿಗೆ, ಬಟ್ಟೆ ಅವರಿಗೆ. ಮಾತ್ರೆ ಮತ್ತು ಇನ್ಸುಲಿನ್ ಮನೆಯವರ ಕೈಯಲ್ಲೇ ಇರಲಿ. ಏಜೆನ್ಸಿಯಿಂದ ಕರೆಸಿದರೆ ಪೊಲೀಸ್ ಪರಿಶೀಲನೆ ಆಗಿದೆಯೇ, ರಜೆಯ ದಿನ ಬದಲಿ ಯಾರು ಎಂಬುದನ್ನು ಬರೆಸಿಕೊಳ್ಳಿ. ಮಕ್ಕಳಲ್ಲಿ ಯಾರಾದರೂ ಪೂರ್ತಿ ಕೈಬಿಟ್ಟರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ತಿಪಟೂರಿನ ಉಪವಿಭಾಗಾಧಿಕಾರಿಯ ಮುಂದೆ ತಂದೆ, ತಾಯಿ ಅರ್ಜಿ ಹಾಕಬಹುದು. ನಿಮ್ಮ ಮನೆ ಅಲ್ಲಿಗೆ ಹೋಗಬೇಕಾಗಿ ಬರದು ಎಂದು ಪತ್ರದಿಂದ ಅನ್ನಿಸುತ್ತದೆ.

ತಡಮಾಡದೆ ಆಸ್ಪತ್ರೆಗೆ ಹೊರಡಬೇಕಾದ ಸಂದರ್ಭಗಳನ್ನು ಬರೆದು ಗೋಡೆಗೆ ಅಂಟಿಸಿ: ಒಂದು ಕಾಲಿನ ಮೀನಖಂಡ ಊದಿ ನೋವು ಬಂದರೆ, ಗಾಯದಿಂದ ಕೀವು ಅಥವಾ ಜ್ವರ ಬಂದರೆ, ಆಪರೇಷನ್ ಆದ ಕಾಲು ಇದ್ದಕ್ಕಿದ್ದಂತೆ ಗಿಡ್ಡವಾದಂತೆ, ತಿರುಚಿದಂತೆ ಕಂಡರೆ, ಮಲ ಡಾಂಬರಿನಂತೆ ಕಪ್ಪಾದರೆ, ಎಂಟು ಗಂಟೆ ಮೂತ್ರ ಬಾರದಿದ್ದರೆ ಅದೇ ದಿನ ಆಸ್ಪತ್ರೆಗೆ. ಉಸಿರು ಕಟ್ಟಿದರೆ, ಎದೆನೋವು ಬಂದರೆ, ಎಚ್ಚರ ತಪ್ಪಿದರೆ ತಕ್ಷಣ 108.

ಆರನೇ ವಾರದ ಎಕ್ಸ್-ರೇ ಆದ ಮೇಲೆ ಇಬ್ಬರಿಗೂ ಆ ಆರು ಪರೀಕ್ಷೆ ಮತ್ತೊಮ್ಮೆ ಮಾಡಿ, ಕೆಲಸಗಳನ್ನು ಮರುಹಂಚಿಕೆ ಮಾಡಿಕೊಳ್ಳಿ. ಕುರ್ಚಿಯಿಂದ ಏಳುವ ಪರೀಕ್ಷೆಯನ್ನು ಮಾತ್ರ ತಾಯಿಗೆ ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆಯೇ ಮಾಡಿಸಿ. ತಾಯಿ ವಾಕರ್ ಹಿಡಿದು ಅಡುಗೆಮನೆಯವರೆಗೆ ಬಂದರೆಂದರೆ ಮನೆಯವರೆಲ್ಲ ಸಡಿಲ ಬಿಡುತ್ತಾರೆ, ತಂದೆಯ ಮಾತ್ರೆ, ಊಟದ ಹೊಣೆ ಸದ್ದಿಲ್ಲದೆ ಮತ್ತೆ ಆಕೆಯ ಪಾಲಿಗೆ ಬೀಳುತ್ತದೆ. ಕನಿಷ್ಠ ಮೂರು ತಿಂಗಳಾದರೂ ಹಾಗಾಗಲು ಬಿಡಬೇಡಿ. ತಂದೆಯ ಮಾತ್ರೆಯ ಡಬ್ಬಿಯನ್ನು ವಾರಕ್ಕೊಮ್ಮೆ ತಮ್ಮ ತುಂಬಲಿ, ರಾತ್ರಿ ಫೋನಿನಲ್ಲಿ ನೀವು ಕೇಳಿ ಖಚಿತಪಡಿಸಿಕೊಳ್ಳಿ.